ಬಸಲಿಂಗಪ್ಪನ ಕಡಗ

ನಮ್ಮ ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಇಡೀ ಜಿಲ್ಲೆಯ ನಕ್ಷೆ ಬೆಳಗುತ್ತಿತ್ತು. ದಣಿದ ಊರು ಕೆಂಪು, ದಣಿಯದ ಊರು ನೀಲಿ. ಮುದ್ದೇನಕೊಪ್ಪ ನೀಲಿಯಾಗಿತ್ತು. ಅದೂ ಎಂಥ ನೀಲಿ ಅಂತೀರಿ, ಊರಿಗೆ ಊರೇ ಕಾಲು ಚಾಚಿ ಮಲಗಿ ಎಳನೀರು ಕುಡಿಯುತ್ತಿದೆ ಎನ್ನುವಂಥ ನೀಲಿ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಮುದ್ದೇನಕೊಪ್ಪ ನನಗೆ ಗೊತ್ತು. ಬ್ಯಾಡಗಿಯಿಂದ ಆಚೆ, ಗುಡ್ಡದ ಓರೆಯಲ್ಲಿರುವ ಊರು. ನೀರು ಕೆಳಗೆ ಹೊಂಡದಲ್ಲಿ, ಮನೆಗಳು ಮೇಲೆ. ಗಂಡಸರು ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಾರೆ. ಹೆಂಗಸರು ಮನೆ, ದನ, ನೀರು, ಒಲೆ ಎಲ್ಲ ಮುಗಿಸಿ, ವ್ಯಾಪಾರಿಗಳು ಕಳಿಸುವ ಒಣಮೆಣಸಿನಕಾಯಿಯ ಚೀಲ ಬಿಚ್ಚಿಕೊಂಡು ತೊಟ್ಟು ಮುರಿಯುತ್ತಾ ಕೂಡುತ್ತಾರೆ. ಆ ಕಾಯಿಯ ಕೆಂಪು ಬಣ್ಣವನ್ನು ಹಿಂಡಿ ತೆಗೆದು ಎಲ್ಲಿಯದೋ ದೇಶದಲ್ಲಿ ತುಟಿಗೆ ಹಚ್ಚುವ ಬಣ್ಣ ಮಾಡುತ್ತಾರಂತೆ. ತುಟಿ ಅವರದು, ಉರಿಯುವ ಬೆರಳು ಇವರದು. ಇಂಥವರು ದಣಿದಿಲ್ಲ ಎಂದು ಗೋಡೆಯ ಮೇಲಿನ ನಕ್ಷೆ ಹೇಳುತ್ತಿತ್ತು.

ಕಡಗದ ವಿಷಯ ಹೇಳಿಬಿಡುತ್ತೇನೆ. ಬಡವರು ಯಾರು ಎಂದು ಕಂಡುಹಿಡಿಯಲು ಹಿಂದೆ ಆದಾಯ ಕೇಳುತ್ತಿದ್ದರು. ಜನ ಒಂದು ಸುಳ್ಳು ಹೇಳುತ್ತಿದ್ದರು, ಅಧಿಕಾರಿಗಳು ಅದರ ಮೇಲೆ ಇನ್ನೊಂದು ಬರೆದುಕೊಳ್ಳುತ್ತಿದ್ದರು. ಬಾಯಿ ಸುಳ್ಳು ಹೇಳಬಹುದು, ಮೈ ಹೇಳುವುದಿಲ್ಲ ಎಂದು ವಿಶ್ವ ಶ್ರಮ ಮಂಡಳಿಯವರಿಗೆ ಹೊಳೆಯಿತು. ಅವರು ಮಾಡಿಸಿದ್ದೇ ದಣಿವಿನ ಕಡಗ. ನಾಡಿ, ಬೆವರಿನ ಉಪ್ಪು, ರಕ್ತದ ಒತ್ತಡ, ಸ್ನಾಯುವಿನ ಸಣ್ಣ ನಡುಕ, ಇಷ್ಟನ್ನೂ ಮಣಿಕಟ್ಟಿನಲ್ಲೇ ಓದಿ ದಣಿವನ್ನು ಒಂದು ಅಂಕಿಯಾಗಿ ಕಳಿಸುತ್ತದೆ. ಜಗತ್ತಿನಲ್ಲಿ ಎಲ್ಲಿ ಮೈ ಹೆಚ್ಚು ದಣಿದಿದೆಯೋ ಅಲ್ಲಿಗೆ ಮೊದಲು ನೆರವಿನ ಮನೆ ಹೋಗಬೇಕು. ನೆರವಿನ ಮನೆ ಎಂದರೆ ನೀರು ಮೇಲೇರಿಸಿ ಮನೆಮನೆಗೆ ಹರಿಸುವ, ಬಟ್ಟೆ ಒಗೆಯುವ, ಬೀಸುವ, ನಾದುವ ಯಂತ್ರಗಳಿರುವ, ಬಿಸಿಲಿನಿಂದಲೇ ನಡೆಯುವ ಕಟ್ಟಡ. ಯಾರದಾದರೂ ಜೀವಕ್ಕೆ ಅಪಾಯವಿದ್ದರೆ ಕಡಗವೇ ವೈದ್ಯಗಾಡಿ ಕರೆಸುತ್ತದೆ. ಯೋಜನೆ ಚೆನ್ನಾಗಿತ್ತು. ನಾನು ಅದನ್ನು ನಂಬಿಯೇ ಕೆಲಸಕ್ಕೆ ಸೇರಿದವಳು.

ಕಡಗ ಹಂಚಲು ಹೋದ ದಿನ ನೀಲವ್ವನನ್ನು ನೋಡಿದ್ದೆ. ತಲೆಯ ಮೇಲೊಂದು, ಕಂಕುಳಲ್ಲೊಂದು ಕೊಡ ಹೊತ್ತು ಏರು ಹತ್ತಿ ಬಂದು, ಕೊಡ ಇಳಿಸಿ, ಗೋಡೆ ಹಿಡಿದು ನಿಂತಳು. ಬಸುರಿ. ಹಿಂದಿನ ಸಲ ಇದೇ ಏರಿನಲ್ಲಿ ಜಾರಿ ಬಿದ್ದು ಕೂಸು ಕಳೆದುಕೊಂಡವಳು. ಅವಳ ಅತ್ತೆ ದ್ಯಾಮವ್ವ ನನ್ನ ಕೈ ಹಿಡಿದುಕೊಂಡು ಕೇಳಿದ್ದಳು: "ನೀರಿನ ಮಿಷನ್ನು ಇಕಿ ಹಡಿಯೂದ್ರೊಳಗ ಬರ್ತೈತೇನ್ರಿ ಬಾಯಾರ?"

"ಬರ್ತೈತಿ ಯವ್ವಾ," ಅಂದಿದ್ದೆ. ಅಧಿಕಾರಿಗಳ ಬಾಯಲ್ಲಿ ಆ ಮಾತು ಸಲೀಸಾಗಿ ಬಂದುಬಿಡುತ್ತದೆ.

ಈಗ ನಕ್ಷೆ ನೀಲಿ. ನಮ್ಮ ಮುಖ್ಯಸ್ಥರಾದ ಮೇವುಂಡಿ ಸರ್ ಮುಂದೆ ನಿಂತು ಹೇಳಿದೆ: "ಸರ್, ಇದು ತಪ್ಪು. ಆ ಊರಿನ ಹೆಂಗಸರು ಹಗಲೆಲ್ಲ ಕೈ ಕಟ್ಟಿ ಕೂತಿರೋದನ್ನ ನಾನು ನೋಡೇ ಇಲ್ಲ."

"ಉಜ್ವಲಾ, ನೀ ನೋಡಿದ್ದು ಒಂದು ದಿನ, ಕಡಗ ನೋಡಿದ್ದು ತಿಂಗಳಗಟ್ಲೆ," ಅಂದರು ಸರ್, ಚಹಾ ಊದುತ್ತಾ. "ಗಂಡಸರದು ಅವರ ಮಿತಿಯೊಳಗೇ ಅದ. ಹೆಂಗಸರ ಗೆರಿ ನೋಡು. ಬೆಳಗಿನಿಂದ ರಾತ್ರಿ ಊಟದ ತನಕ ಸಪಾಟ. ಸಂತಿ ದಿನ ಇಷ್ಟು ಏರ್ತದ, ಮದುವಿ ದಿನ ಇಷ್ಟು ಏರ್ತದ. ಉಳಿದದ್ದೆಲ್ಲ ವಿಶ್ರಾಂತಿ. ನಾ ಏನು ಮಾಡ್ಲಿ?"

ಸರ್ ಕೆಟ್ಟವರಲ್ಲ. ಅಂಕಿಯನ್ನು ಕಂಡರೆ ದೇವರನ್ನು ಕಂಡಂತೆ ಮಾಡುತ್ತಾರೆ, ಅಷ್ಟೇ. ಅವರ ಜೊತೆ ವಾದ ಮಾಡಿ ಗಂಟಲು ನೋಯಿಸಿಕೊಳ್ಳುವುದಕ್ಕಿಂತ ಊರಿಗೆ ಹೋಗುವುದೇ ಲೇಸು ಎಂದು ಮರುದಿನ ಬಸ್ ಹತ್ತಿದೆ.

ದ್ಯಾಮವ್ವನ ಮನೆಗೆ ಹೋದಾಗ ಬಾಗಿಲಲ್ಲೇ ಕೆಮ್ಮು ಬಂತು. ಪಡಸಾಲೆ ತುಂಬ ಮೆಣಸಿನಕಾಯಿ ಹರವಿತ್ತು. ಅತ್ತೆ ಸೊಸೆ ಎದುರುಬದುರು ಕೂತು ತೊಟ್ಟು ಮುರಿಯುತ್ತಿದ್ದರು. ಇಬ್ಬರ ಕೈಯೂ ಬರಿದು.

"ಕಡಗ ಎಲ್ಲವ್ರಿ?" ಅಂದೆ.

ನೀಲವ್ವ ಮುಖದಲ್ಲಿ ಹೆಮ್ಮೆ ತಂದುಕೊಂಡು ಒಳಗೆ ಕೈ ತೋರಿಸಿದಳು. ದೇವರ ಜಗಲಿಯ ಮೇಲೆ, ಪಟದ ಮುಂದೆ, ಎರಡೂ ಕಡಗಗಳು ಒಂದರ ಮಗ್ಗುಲಲ್ಲಿ ಒಂದು ಕೂತಿದ್ದವು. ವಿಭೂತಿ ಎಳೆದು, ಮೇಲೊಂದೊಂದು ಸೇವಂತಿಗೆ ಇಟ್ಟಿದ್ದರು. ಇಷ್ಟು ದಿನ ಅವು ಜಗಲಿಯ ಮೇಲಿನ ದೇವರ ವಿಶ್ರಾಂತಿಯನ್ನು ಅಳೆಯುತ್ತಿದ್ದವು.

"ಇದೇನ್ರಿ ಯವ್ವಾ ಹಿಂಗ ಮಾಡೀರಿ," ಅಂದೆ. ನನಗೆ ಕೂಡಲಿಕ್ಕೂ ಆಗಲಿಲ್ಲ.

ದ್ಯಾಮವ್ವನಿಗೆ ನನ್ನ ಸಿಟ್ಟು ಅರ್ಥವಾಗಲಿಲ್ಲ. "ಅಂಥಾ ಸಾಮಾನು ಮುಸುರಿ ಕೈಗೆ ಹಾಕ್ಕೊಂತಾರೇನ್ರಿ ಬಾಯಾರ? ಸಗಣಿ ಬಳಿಯೋದೈತಿ, ನೀರು ತರೋದೈತಿ, ಈ ಖಾರದ ಧೂಳು ಬ್ಯಾರೆ. ಕೆಟ್ಟು ಹೋದ್ರ ನಾವು ಎಲ್ಲಿಂದ ತಂದು ಕೊಡೂಣು? ಕೆಲಸ ಎಲ್ಲಾ ಮುಗದ ಮ್ಯಾಲ ಮೈ ತೊಳಕೊಂಡು, ಹಾಕ್ಕೊಂಡು ಮಲಗತೀವ್ರಿ. ಸಂತಿಗಿ, ಮದವಿಗಿ ಹಾಕ್ಕೊಂಡು ಹೊಕ್ಕೀವಿ. ಊರಾಗ ಎಲ್ಲಾರೂ ಹಂಗs ಇಟ್ಟಾರ, ಬೇಕಾದ್ರ ನೋಡ್ರಿ."

ನೋಡಿದೆ. ಮನೆಮನೆಯಲ್ಲೂ ಹಾಗೇ ಇತ್ತು. ಒಳ್ಳೆಯ ಸೀರೆ ಉಟ್ಟು ಯಾರಾದರೂ ಬಚ್ಚಲು ತೊಳೆಯುತ್ತಾರೆಯೇ? ಆದರೆ ಮಂಡಳಿಯವರ ದೇಶದಲ್ಲಿ ಮಲಗುವಾಗ ಬಿಟ್ಟರೆ ಇಂಥ ವಸ್ತುವನ್ನು ಯಾರೂ ಕೈಯಿಂದ ತೆಗೆಯುವುದಿಲ್ಲವಂತೆ. ಹಾಗಾಗಿ ಕಡಗ ಬಿಚ್ಚಿಟ್ಟ ಹೊತ್ತೆಲ್ಲ ವಿಶ್ರಾಂತಿಯ ಹೊತ್ತು ಎಂದು ಅವರು ಯಂತ್ರಕ್ಕೆ ಕಲಿಸಿಬಿಟ್ಟಿದ್ದರು. ಅವರು ತಮ್ಮ ಹೆಂಗಸರನ್ನು ನೋಡಿ ಕಲಿಸಿದರು, ಇವರು ತಮ್ಮ ಅವ್ವಂದಿರನ್ನು ನೋಡಿ ಬಿಚ್ಚಿಟ್ಟರು. ಯಾರನ್ನು ಬಯ್ಯಬೇಕೋ ತಿಳಿಯದೆ ಬೇವಿನ ಮರದ ಕಟ್ಟೆಯ ಮೇಲೆ ಹೆಂಗಸರನ್ನೆಲ್ಲ ಕೂಡಿಸಿ ಹೇಳಿದೆ: ಸಗಣಿಯಾಗಲಿ, ಖಾರವಾಗಲಿ, ನೀರಾಗಲಿ, ಕಡಗ ಕೈಯಲ್ಲೇ ಇರಬೇಕು. ಕೆಟ್ಟರೆ ಜವಾಬ್ದಾರಿ ನನ್ನದು.

"ಸಗಣ್ಯಾಗ ಅದ್ದಿದ್ರೂ ನಡಿತೈತ್ರೀ?" ಎಂದು ನೀಲವ್ವ ಕೇಳಿದಳು.

"ಅದ್ದು ತಂಗಿ. ಚಂದಂಗ ಅದ್ದು."

ಸಂಜೆ ಮನೆಗೆ ಬಂದು, ಅಡುಗೆ ಮಾಡಿ, ಉಂಡು, ಪಾತ್ರೆಗೆ ಕೈ ಹಚ್ಚಿದೆ. ಅರ್ಧ ತೊಳೆದಾಗ ತಲೆ ಎತ್ತಿದರೆ ಫ್ರಿಜ್ಜಿನ ಮೇಲೆ, ನೌಕರರ ಮನೆಗಳಿಗೂ ಮಂಡಳಿ ಕೊಟ್ಟಿದ್ದ ಕಡಗಗಳಲ್ಲಿ ನನ್ನದು ಕಂಡಿತು. ಸಾಬೂನು ತಾಗೀತು ಎಂದು ದಿನಾಲೂ ನಾನೇ ಅಲ್ಲಿಡುತ್ತಿದ್ದೆ. ನನ್ನ ಗಂಡ ಅಶೋಕ ತನ್ನ ಕಡಗ ತೊಟ್ಟುಕೊಂಡೇ ಸೋಫಾದ ಮೇಲೆ ಕಾಲು ಚಾಚಿ ಕ್ರಿಕೆಟ್ ನೋಡುತ್ತಿದ್ದ. ಕೊನೆಯ ಓವರಿನಲ್ಲಿ ಅವನ ನಾಡಿ ಏರಿ, ಅಂಕಿ ನನಗಿಂತ ಮೇಲೆ ಹೋಗಿತ್ತು. "ಯಾಕ ಹಂಗ ನೋಡ್ತಿ?" ಅಂದ. ಒದ್ದೆ ಕೈಗೇ ಕಡಗ ಏರಿಸಿಕೊಂಡು ಉಳಿದ ಪಾತ್ರೆ ತೊಳೆದೆ.

ಒಂದು ವಾರ ನಕ್ಷೆಯ ಮುಂದೆಯೇ ಕೂತಿದ್ದೆ. ಮುದ್ದೇನಕೊಪ್ಪದ ಹೆಂಗಸರ ಗೆರೆಗಳು ಎದ್ದವು. ಬೆಳಗಿನ ಜಾವಕ್ಕೇ ಏರಿ, ಮಧ್ಯಾಹ್ನ ಇನ್ನೂ ಏರಿ, ರಾತ್ರಿಯವರೆಗೆ ಇಳಿಯಲೇ ಇಲ್ಲ. ಊರು ಇನ್ನೇನು ಕೆಂಪಾಗುತ್ತದೆ ಎಂದುಕೊಂಡೆ. ಆಗಲಿಲ್ಲ. ಗೆರೆಗಳು ಒಂದೊಂದಾಗಿ ಬೂದಿ ಬಣ್ಣಕ್ಕೆ ತಿರುಗಿ ಅಳಿಸಿಹೋದವು. ಅವುಗಳ ಜಾಗದಲ್ಲಿ ಎರಡು ಪದ ಬಂದು ಕೂತವು: ಯಂತ್ರದೋಷ, ಕೈಬಿಡಲಾಗಿದೆ. ಅಳಿಸಿದ ಗೆರೆಗಳ ಬದಲಿಗೆ ಹಳೆಯ ಸಪಾಟು ಗೆರೆಗಳನ್ನೇ ಯಂತ್ರ ಎಳೆದುಕೊಂಡಿತು. ಊರು ಮತ್ತೆ ನೀಲಿ.

ಮೇವುಂಡಿ ಸರ್ ಮಂಡಳಿಯ ಅಂಕಿಅಂಶ ತಜ್ಞನಿಗೆ ಕರೆ ಹಚ್ಚಿಸಿಕೊಟ್ಟರು. ಪರದೆಯ ಮೇಲೆ ಹೆನ್ರಿಕ್ ಎನ್ನುವ ಸೌಮ್ಯ ಮುಖದ ಮನುಷ್ಯ ಬಂದ. ಅವನು ತನ್ನ ಭಾಷೆಯಲ್ಲಿ ಆಡಿದ್ದನ್ನು ಯಂತ್ರ ಗ್ರಂಥದ ಕನ್ನಡಕ್ಕೆ ತಿರುಗಿಸಿ ಹೇಳುತ್ತಿತ್ತು: "ಮಾನ್ಯ ಮಹಿಳೆಯೇ, ತಾವು ಕಳುಹಿಸಿದ ಅಂಕಿಗಳು ಸ್ತ್ರೀ ಶರೀರದ ಮಿತಿಯನ್ನು ಮೀರಿವೆ. ಯಾವ ಸ್ತ್ರೀಯೂ ಪ್ರತಿದಿನ ಇಷ್ಟು ದಣಿಯಲಾರಳು. ಆದ್ದರಿಂದ ಅವು ದೋಷವೇ ಸರಿ."

"ಆ ಮಿತಿಯನ್ನ ಯಾರ ಮೇಲೆ ಅಳೆದ್ರಿ?" ಎಂದೆ.

"ನಮ್ಮ ಕಚೇರಿಯ ಆರೋಗ್ಯವಂತ ಸ್ವಯಂಸೇವಕಿಯರ ಮೇಲೆ."

"ಗಂಡಸರ ಮಿತಿ?"

"ಸೈನಿಕರು, ಗಣಿ ಕಾರ್ಮಿಕರು ಮತ್ತು ಓಟಗಾರರ ಮೇಲೆ. ಅದು ಸಹಜವಾಗಿಯೇ ಎತ್ತರದಲ್ಲಿದೆ."

"ನಮ್ಮ ಊರಿನ ಹೆಂಗಸರು ನಿಮ್ಮ ಸೈನಿಕರಿಗಿಂತ ಹೆಚ್ಚು ದಣೀತಾರೆ. ಒಮ್ಮೆ ಬಂದು ಆ ಏರು ಹತ್ತಿ ನೋಡಿ. ಕೊಡ ಬೇಡ, ಬರಿಗೈಯಲ್ಲೇ ಹತ್ತಿ."

ಹೆನ್ರಿಕ್ ನಕ್ಕು, ನನ್ನ ಕಾಳಜಿಯನ್ನು ಗೌರವಿಸುವುದಾಗಿಯೂ, ಮುಂಗಾರಿಗೆ ಮುಂಚಿನ ಹಂಚಿಕೆ ಈ ತಿಂಗಳು ಮುಗಿಯುವುದಾಗಿಯೂ, ಮಿತಿಯ ಪ್ರಶ್ನೆಯನ್ನು ಮುಂದಿನ ವರ್ಷದ ಸಭೆಯಲ್ಲಿ ಎತ್ತಬಹುದೆಂದೂ ಹೇಳಿ ಮರೆಯಾದ. ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ಮುಂದಿನ ವರ್ಷದ ಹೊತ್ತಿಗೆ ನೀಲವ್ವನ ಗತಿ ಏನಾಗಿರುತ್ತದೋ ಯಾರಿಗೆ ಗೊತ್ತು?

"ಬಿಡು ಉಜ್ವಲಾ," ಅಂದರು ಸರ್. "ನೀ ಎಷ್ಟಂತ ತಲಿ ಚಚ್ಚಿಕೊಳ್ತಿ?"

ಬಿಡಲಿಕ್ಕೆಂದೇ ಮುದ್ದೇನಕೊಪ್ಪಕ್ಕೆ ಹೋದೆ. ನಿಜ ಹೇಳಿ, ಕ್ಷಮೆ ಕೇಳಿ ಬರೋಣ ಎಂದು. ಬೇವಿನ ಕಟ್ಟೆಯ ಮೇಲೆ ಹೆಂಗಸರು ಸುತ್ತ ಕೂತು ಕೇಳಿದರು. ನೀಲವ್ವನ ಕಾಲು ಬಾತಿದ್ದವು, ಮುಖ ಬಿಳಚಿಕೊಂಡಿತ್ತು. ಗಂಡಸರ ಮಿತಿ ಎತ್ತರ, ಹೆಂಗಸರ ಮಿತಿ ಗಿಡ್ಡ ಎನ್ನುವುದನ್ನು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೇ ನಾಚಿಕೆಯಾಗಿತ್ತು.

ದ್ಯಾಮವ್ವ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದಳು: "ಅಂದ್ರ ಇದs ಕೆಲಸ ಗಂಡಸು ಮಾಡಿದ್ರ ನಂಬತಾರ?"

"ನಂಬ್ತಾರೆ."

"ಹಂಗಾರ ನನ್ನ ಮಗನ ಕಡಗ ಇಕಿ ಹಾಕ್ಕೊಳ್ಳಲಿ."

ಯಾರೂ ನಗಲಿಲ್ಲ. ಇದು ನಿಯಮಕ್ಕೆ ವಿರುದ್ಧ ಎನ್ನುವುದು ಮಂಡಳಿಯ ನೌಕರಳಾದ ನನ್ನ ಕರ್ತವ್ಯವಾಗಿತ್ತು. ಆದರೆ ದಣಿವು ನಿಜ, ಬೆವರು ನಿಜ, ನಡುಕ ನಿಜ, ಹೆಸರೊಂದೇ ಬೇರೆ. ಕೆಲಸ ಹೋದರೆ ಹೋಗಲಿ ಅನ್ನಿಸಿತು. "ನಾನು ಏನೂ ಕೇಳಿಲ್ಲ," ಅಂದೆ.

ಸಂಜೆ ನೀಲವ್ವನ ಗಂಡ ಬಸಲಿಂಗಪ್ಪ ಮಾರುಕಟ್ಟೆಯಿಂದ ಬಂದ. ಚೀಲ ಹೊತ್ತು ಹೊತ್ತು ಹೆಗಲು ಕೆಂಪಾಗಿತ್ತು. ಮಾತು ಕೇಳಿ ಕಡಗ ಬಿಚ್ಚಿ ಹೆಂಡತಿಯ ಮುಂದಿಟ್ಟ. "ನನಗೂ ಅದರ ಕಾಟ ಸಾಕಾಗಿತ್ತು," ಅಂದವನು ಹೆಗಲು ಒರೆಸಿಕೊಳ್ಳುತ್ತಾ, "ನನ್ನ ಮೈ ಭಾನುವಾರಕ್ಕರೆ ರಜಾ ಕಾಣತೈತಿ. ಇಕಿದು ಎಂದೂ ಕಂಡಿಲ್ಲ," ಎಂದು ಮೆಲ್ಲಗೆ ಹೇಳಿದ. ಹೀಗೆ ಮನೆಮನೆಯಲ್ಲೂ ಗಂಡಸರು ಬೈದೋ, ನಕ್ಕೋ, ಕೊಟ್ಟರು.

ತೊಡಕು ಬಂದದ್ದು ಬೇರೆ ಕಡೆ. ಕಡಗ ದಿನಾ ಬೆಳಿಗ್ಗೆ ಎಚ್ಚರವಾಗುವಾಗ, "ನಮಸ್ಕಾರ, ನಿಮ್ಮ ಹೆಸರು ಹೇಳಿ," ಎನ್ನುತ್ತದೆ. ತೊಟ್ಟವರು ಹೆಸರು ಹೇಳಿದರಷ್ಟೇ ಕೆಲಸ ಶುರು. ಧ್ವನಿ ಗುರುತಿಸುವ ಸಲಕರಣೆಯ ಖರ್ಚನ್ನು ಮಂಡಳಿಯವರು ಉಳಿಸಿದ್ದರು, ಬಡವರ ಕಡಗವಲ್ಲವೇ? ಹಾಗಾಗಿ ಹೆಂಗಸಿನ ಧ್ವನಿ ಎಂದು ಅದು ಆಕ್ಷೇಪಿಸುವಂತಿರಲಿಲ್ಲ. ಆದರೆ ಈ ಹೆಂಗಸರು ಗಂಡನ ಹೆಸರು ಹೇಳುವುದು ಹೇಗೆ?

ಮರುದಿನ ಮುಂಜಾನೆ ನೋಡಲೆಂದು ಅಲ್ಲೇ ಉಳಿದೆ. ಕಡಗ ಹೆಸರು ಕೇಳಿತು. ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮತ್ತೆ ಕೇಳಿತು. ಅವಳು ಅತ್ತೆಯ ಮುಖ ನೋಡಿದಳು.

"ಒಡಪು ಹಾಕಿ ಹೇಳವಾ," ಅಂದಳು ದ್ಯಾಮವ್ವ. "ಮದವ್ಯಾಗ ಹೊಸ್ತಿಲದಾಗ ನಿಲ್ಲಿಸಿ ಹೇಳಿಸಿದ್ದಿಲ್ಲಾ?"

ಹೊಸ ಮದುಮಗಳನ್ನು ಬಾಗಿಲಲ್ಲಿ ತಡೆದು ಗಂಡನ ಹೆಸರು ಹೇಳಿಸುವಾಗ ಅವಳು ಅದನ್ನು ಎರಡು ಸಾಲಿನ ಪದ್ಯದಲ್ಲಿ ಸುತ್ತಿ ಹೇಳುತ್ತಾಳೆ. ಹಾಗೆ ಹೇಳಿದರೆ ತಪ್ಪಿಲ್ಲ. ನೀಲವ್ವ ಕಡಗವನ್ನು ಬಾಯಿಯ ಹತ್ತಿರ ತಂದು, ತಲೆ ತಗ್ಗಿಸಿ ಹೇಳಿದಳು:

"ಮೆಣಸಿನಕಾಯಿ ಕೆಂಪಗ, ಮಲ್ಲಿಗಿ ಬೆಳ್ಳಗ,
ಬಸಲಿಂಗಪ್ಪನೋರ ಹೆಸರು ಹೇಳತೀನಿ ಕಡಗದ ಒಳಗ."

"ಧನ್ಯವಾದ, ಬಸಲಿಂಗಪ್ಪ. ನಿಮ್ಮ ದಿನ ಶುಭವಾಗಲಿ," ಅಂದಿತು ಕಡಗ.

ಅವತ್ತು ಇಡೀ ಓಣಿಯಲ್ಲಿ ಒಡಪು ಕೇಳಿಸಿದವು. ಹೊಂಡಕ್ಕೆ ಹೋಗುವ ಮುಂಚೆ ಮುದುಕಿಯರು, ನಡುವಯಸ್ಸಿನವರು ಒಬ್ಬರನ್ನೊಬ್ಬರು ಚುಡಾಯಿಸುತ್ತಾ ಗಂಡಂದಿರ ಹೆಸರು ಹೇಳಿ ಕೊಡ ಎತ್ತಿದರು. ನನಗೆ ನಗು ಬಂತು, ಮರುಕ್ಷಣವೇ ಸಿಟ್ಟೂ ಬಂತು. ತಮ್ಮ ಬೆವರು ಬೆವರೇ ಎಂದು ಒಪ್ಪಿಸಲು ಇವರು ಇಷ್ಟು ಮಾಡಬೇಕೇ?

ನಕ್ಷೆಯ ಮೇಲೆ ಮುದ್ದೇನಕೊಪ್ಪ ಮೊದಲು ಕಿತ್ತಳೆಯಾಯಿತು. ಆಮೇಲೆ ಕೆಂಪು. ಒಂದು ಗೆರೆಯೂ ಬೂದಿಯಾಗಲಿಲ್ಲ. ಹೆನ್ರಿಕ್ ತಾನಾಗಿಯೇ ಕರೆ ಮಾಡಿದ. ಅವನ ಮುಖದಲ್ಲಿ ನಿಜವಾದ ನೋವಿತ್ತು. "ಮುದ್ದೇನಕೊಪ್ಪದ ಪುರುಷರ ಸ್ಥಿತಿಯು ಅತ್ಯಂತ ಶೋಚನೀಯವಾಗಿದೆ. ಮಂಡಳಿಯು ಕೂಡಲೇ ನೆರವಿನ ಮನೆಯನ್ನು ಮಂಜೂರು ಮಾಡಿದೆ," ಎಂದಿತು ಯಂತ್ರದ ಕನ್ನಡ. ಮೇವುಂಡಿ ಸರ್ ನನ್ನ ಕಡೆ ದೀರ್ಘವಾಗಿ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ಯಂತ್ರಗಳು ಹಡಗಿನಲ್ಲಿ ಹೊರಟಿವೆ ಎಂದು ಸುದ್ದಿ ಬಂದ ವಾರದಲ್ಲೇ ಒಂದು ಮಧ್ಯಾಹ್ನ ಗೋಡೆಯ ಮೇಲೆ ಕೆಂಪು ದೀಪ ಮಿಟುಕತೊಡಗಿತು. ಮುದ್ದೇನಕೊಪ್ಪ. ಬಸಲಿಂಗಪ್ಪ, ಪುರುಷ. ರಕ್ತದೊತ್ತಡ ಮಿತಿಮೀರಿದೆ, ಜೀವಕ್ಕೆ ಅಪಾಯ, ವೈದ್ಯಗಾಡಿ ಹೊರಡುತ್ತಿದೆ.

ಆ ಕಡಗ ಇದ್ದದ್ದು ನೀಲವ್ವನ ಕೈಯಲ್ಲಿ. ಕೂಡಲೇ ನೀಲವ್ವನ ಹೆಸರಿನಲ್ಲಿ ಅಳಿಸಿಹೋಗಿದ್ದ ಹಳೆಯ ಗೆರೆಗಳನ್ನು ತೆಗೆದು ನೋಡಿದೆ. ರಕ್ತದೊತ್ತಡ ಆಗಲೇ ಏರತೊಡಗಿತ್ತು. ಯಂತ್ರ ಅದನ್ನು ಓದಿತ್ತು, ಓದಿ ತನ್ನದೇ ದೋಷ ಎಂದು ಒರೆಸಿಹಾಕಿತ್ತು. ಅಂದೇ ಒಬ್ಬ ವೈದ್ಯೆ ಹೋಗಿದ್ದರೆ ಮಾತ್ರೆಯಲ್ಲೇ ಮುಗಿಯುತ್ತಿತ್ತು. ಕೂಗಿ ಯಾರ ಕೊರಳಪಟ್ಟಿ ಹಿಡಿಯಲಿ? ಓಡಿಹೋಗಿ ಕಚೇರಿಯ ಅಂಗಳದಿಂದ ಹೊರಡುತ್ತಿದ್ದ ಗಾಡಿ ಹತ್ತಿದೆ.

ಗಾಡಿಯಲ್ಲಿ ಡಾಕ್ಟರ್ ನಾಝನೀನ್ ಮುಲ್ಲಾ ಇದ್ದರು. ದಾರಿಯಲ್ಲೇ ಎಲ್ಲ ಹೇಳಿಬಿಟ್ಟೆ. ಅವರು ನನ್ನನ್ನು ಬೈಯಲಿಲ್ಲ. "ಮೇಡಂ, ಒಂದs ತೊಂದ್ರಿ," ಎಂದರು. "ಈ ಗಾಡಿ ಹಾಸಿಗಿ ಅಪಾಯ ಯಾರ ಹೆಸರಿಗೆ ಬಂದೈತಿ ಅವರಿಗಷ್ಟs ತೆರಿತೈತಿ. ಆಮ್ಲಜನಕ, ಔಷಧ, ದವಾಖಾನಿ ಜಾಗ ಎಲ್ಲಾ ಅದಕ್ಕs ಕೂಡ್ಯಾವ. ಕಡಗ ಹಾಕ್ಕೊಂಡವರು ತಾವs ಹೆಸರು ಹೇಳಬೇಕು."

ಊರಿನ ಬಾಯಲ್ಲಿ ಜನ ನೆರೆದಿದ್ದರು. ಏರಿನ ನಡುವೆ ಕೊಡ ಉರುಳಿ ಬಿದ್ದಿತ್ತು. ನೀಲವ್ವನನ್ನು ಮರದ ನೆರಳಿಗೆ ಒರಗಿಸಿದ್ದರು, ಕಣ್ಣು ಮಂಜಾಗಿದ್ದವು, ತಲೆ ಸಿಡಿಯುತ್ತಿದೆ ಎಂದು ನರಳುತ್ತಿದ್ದಳು. ದ್ಯಾಮವ್ವ ನನ್ನನ್ನು ಕಂಡು, "ಬರ್ತೈತಿ ಅಂದಿದ್ರಲ್ಲರೀ ಬಾಯಾರ," ಎಂದಳು. ನಾನು ಬಗ್ಗಿ ನೀಲವ್ವನ ಹೆಗಲ ಕೆಳಗೆ ಕೈ ಹಾಕಿದೆ.

ಎತ್ತಿ ತಂದು ಗಾಡಿಯ ಬಾಗಿಲಿಗೆ ಹಿಡಿದೆವು. "ರೋಗಿಯ ಹೆಸರು ಹೇಳಿ," ಎಂದಿತು ಗಾಡಿ.

ನೀಲವ್ವನ ತುಟಿ ಅಲುಗಿದವು. ಒಡಪು ಹುಡುಕುತ್ತಿದ್ದಳು. ಮೆಣಸಿನಕಾಯಿ ಎನ್ನುವಷ್ಟರಲ್ಲಿ ಉಸಿರು ಹತ್ತಿ ನಿಂತಳು. ಸುತ್ತಲೂ ಹಿರಿಯರು, ಅತ್ತೆ, ಓಣಿಯ ಗಂಡಸರು ಎಲ್ಲ ನಿಂತಿದ್ದರು.

"ರೋಗಿಯ ಹೆಸರು ಹೇಳಿ."

"ಹೇಳವಾ," ಅಂದಳು ದ್ಯಾಮವ್ವ. "ಒಡಪು ಬ್ಯಾಡ. ಹೆಸರಷ್ಟs ಹೇಳು."

ನೀಲವ್ವ ಕಣ್ಣು ತೆರೆದು ಗಾಡಿಯನ್ನು ನೇರವಾಗಿ ನೋಡಿದಳು. "ಬಸಲಿಂಗಪ್ಪ," ಅಂದಳು. "ಬಸಲಿಂಗಪ್ಪ ಅಂದ್ರ ನಾನೇ."

ಹಾಸಿಗೆ ತೆರೆಯಿತು.

ನೆರವಿನ ಮನೆ ಈಗ ಮುದ್ದೇನಕೊಪ್ಪದಲ್ಲಿದೆ. ನೀರು ಮೇಲೇರುತ್ತದೆ. ಮುಂದಿನ ಗೋಡೆಯ ಮೇಲೆ ಹಿತ್ತಾಳೆಯ ಫಲಕವಿದೆ: ಈ ಗ್ರಾಮದ ಶ್ರಮಜೀವಿ ಪುರುಷರಿಗೆ ಅರ್ಪಣೆ. ನೀಲವ್ವ ಅದರ ಮೇಲೆ ಒದ್ದೆ ಸೀರೆ ಒಣಹಾಕುತ್ತಾಳೆ. ನಾನು ನಡೆದದ್ದನ್ನೆಲ್ಲ, ಎರಡೂ ಹೆಸರಿನ ಗೆರೆಗಳ ಸಮೇತ, ಮಂಡಳಿಗೆ ಬರೆದೆ. ಕೆಲಸ ಹೋಗುತ್ತದೆ ಎಂದು ಕಾದೆ. ಹೋಗಲಿಲ್ಲ. ಸ್ತ್ರೀಯರ ಮಿತಿಯನ್ನು ಪರಿಶೀಲಿಸಲು ಉಪಸಮಿತಿ ರಚಿಸುವ ಬಗ್ಗೆ ಯೋಚಿಸಲಾಗುವುದು ಎಂದು ಉತ್ತರ ಬಂತು. ಈಗಲೂ ಯೋಚಿಸುತ್ತಿದ್ದಾರೆ. ಜಗತ್ತಿನ ಎಷ್ಟು ಊರುಗಳು ಇನ್ನೂ ನೀಲಿಯಾಗಿವೆಯೋ ನನಗೆ ಗೊತ್ತಿಲ್ಲ.

ದವಾಖಾನೆಯ ನರ್ಸ್ ಅಂದು ಗಾಡಿಯ ಯಂತ್ರಕ್ಕೆ ನಡೆದದ್ದನ್ನು ಇದ್ದ ಹಾಗೆಯೇ ತಿಳಿಸಿದ್ದಳು. ಅದು ಮಂಡಳಿಯ ದಾಖಲೆಯಲ್ಲಿ ಇಂದಿಗೂ ಇದೆ. ಸಿಟ್ಟು ಬಂದಾಗಲೆಲ್ಲ ತೆಗೆದು ಓದುತ್ತೇನೆ: ಬಸಲಿಂಗಪ್ಪ, ಪುರುಷ, ಹೆರಿಗೆಯಾಗಿದೆ, ಹೆಣ್ಣುಮಗು, ಇಬ್ಬರೂ ಕ್ಷೇಮ.

ಇದನ್ನು ಮಾತ್ರ ಯಂತ್ರದೋಷ ಎಂದು ಯಾರೂ ಅಳಿಸಿಲ್ಲ.